ನೀರಿನ ಬ್ಯಾಗಿಗೆ ಫೋಮಾ, ಪಟ್ಟಿಯಾ, ಹಗ್ಗವಾ? ಎಲ್ಲ ಮಾಡಿ ನೋಡಿದೆ

ನನ್ನ ಹೈಡ್ರೇಷನ್ ಬ್ಯಾಗಿನ ಮೇಲೆ, ಅಂದರೆ ಓಡುತ್ತಲೇ ಪೈಪಿನಿಂದ ನೀರು ಕುಡಿಯಲು ಬೆನ್ನಿಗೆ ಹಾಕುವ ಬ್ಯಾಗಿನ ಮೇಲೆ, ನನಗಿದ್ದ ತಕರಾರು ಎರಡೇ. ಒಂದು ಗಂಟೆ ಹಾಕಿಕೊಂಡು ಓಡಿದರೆ ಭುಜ ಉರಿಯುತ್ತಿತ್ತು. ಬಿಚ್ಚಿದ ಜಾಕೆಟ್ ಸಿಕ್ಕಿಸಲು ಹೊರಗಡೆ ಒಂದು ಕೊಂಡಿಯೂ ಇರಲಿಲ್ಲ. ಹೊಸದು ಕೊಳ್ಳಬಹುದಿತ್ತು. ಆದರೆ ಬಟ್ಟೆ ಗಟ್ಟಿಯಾಗಿತ್ತು, ಜಿಪ್ಪು ಸರಿಯಾಗಿತ್ತು, ಎಸೆಯಲು ಮನಸ್ಸು ಬರಲಿಲ್ಲ. ಸೂಜಿ ದಾರ ಹಿಡಿದು ಕೂತೆ.

ಹೋಲಿಸುವಾಗ ನನಗೆ ನಾನೇ ಮೋಸ ಮಾಡಿಕೊಳ್ಳಬಾರದು ಅಂತ ಒಂದು ನಿಯಮ ಇಟ್ಟುಕೊಂಡೆ. ಅದೇ ದಾರಿ, ಅದೇ ಅಂಗಿ, ಬ್ಲಾಡರ್ (ಬ್ಯಾಗಿನೊಳಗೆ ಕೂರುವ ನೀರಿನ ಚೀಲ) ತುಂಬ 2 ಲೀಟರ್ ನೀರು. ಒಂದು ಸಲಕ್ಕೆ ಒಂದೇ ಬದಲಾವಣೆ.

ಮೊದಲು ಕೈ ಹಾಕಿದ್ದು ಭುಜದ ಪಟ್ಟಿಗೆ. ನೋವು ಅಲ್ಲೇ ಇತ್ತಲ್ವಾ? ಮೂರು ಬಗೆ ಮಾಡಿದೆ. ಮೆತ್ತನೆಯ ದಪ್ಪ ಸ್ಪಂಜು ಒಂದು. ಪಟ್ಟಿಗೆ ಸುತ್ತುವ, ನಿಯೋಪ್ರೀನ್ ಎಂಬ ಮೆತ್ತನೆಯ ರಬ್ಬರಿನ ಕವರ್ ಇನ್ನೊಂದು. ಹಳೆಯ ಮಲಗುವ ಮ್ಯಾಟ್‌ನಿಂದ ಕತ್ತರಿಸಿದ 5 ಮಿಲಿಮೀಟರ್ ಫೋಮ್ ಮೂರನೆಯದು. ಕೈಯಲ್ಲಿ ಒತ್ತಿ ನೋಡಿದರೆ ಸ್ಪಂಜೇ ರಾಜ. ಬೆನ್ನಿಗೆ ಹಾಕಿ ಹತ್ತು ನಿಮಿಷ ನಡೆದರೆ ಅದು ಹಾಳೆಯಂತೆ ಚಪ್ಪಟೆ. ಮೇಲಿಂದ ಬೆವರನ್ನೆಲ್ಲ ಕುಡಿದು ಒದ್ದೆಯಾಗಿ ಕೂರುತ್ತಿತ್ತು, ಮರುದಿನವೂ ಒಣಗುತ್ತಿರಲಿಲ್ಲ. ಅದರ ಒಳಗಿನ ರಂಧ್ರಗಳೆಲ್ಲ ಒಂದಕ್ಕೊಂದು ತೆರೆದಿರುತ್ತವೆ, ಹಾಗಾಗಿ ಗಾಳಿ ಹೊರಗೆ ಹೋಗುತ್ತದೆ, ನೀರು ಒಳಗೆ ಬರುತ್ತದೆ. ಮ್ಯಾಟ್‌ನ ಫೋಮ್ ಹಾಗಲ್ಲ. ಅದರ ಗುಳ್ಳೆಗಳು ಮುಚ್ಚಿದವು. ಕೈಗೆ ಬಿರುಸು ಅನ್ನಿಸಿದರೂ ಭುಜದ ಮೇಲೆ ಭಾರವನ್ನು ಅಗಲಕ್ಕೆ ಹರಡುತ್ತದೆ, ಬೆವರು ಕುಡಿಯುವುದಿಲ್ಲ. ನಿಯೋಪ್ರೀನ್ ಚರ್ಮಕ್ಕೆ ನಯ, ಆದರೆ ಸೆಕೆ ಜಾಸ್ತಿ. ಎರಡು ಹೊಲಿಗೆ ಹಾಕದಿದ್ದರೆ ಪಟ್ಟಿಯ ಸುತ್ತ ತಿರುಗಿಕೊಂಡು ದಪ್ಪ ಭಾಗ ಮೇಲಕ್ಕೆ ಬಂದುಬಿಡುತ್ತದೆ.

ಫೋಮ್ ಗೆದ್ದಿತು. ಆದರೂ ಉರಿ ಅರ್ಧ ಮಾತ್ರ ಕಡಿಮೆಯಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಯಿತೇನೋ ಅನ್ನಿಸಿತು. ಭುಜ ಉರಿಯುತ್ತಿದ್ದದ್ದು ಭಾರಕ್ಕಲ್ಲ, ಉಜ್ಜಾಟಕ್ಕೆ. ಬ್ಯಾಗ್ ಕುಣಿಯುತ್ತಿತ್ತು.

ಯಾಕೆ ಕುಣಿಯುತ್ತದೆ ಅಂತ ನೋಡಿದರೆ ಮೊದಲ ಕಾರಣ ಬ್ಲಾಡರ್‌ನೊಳಗಿನ ಗಾಳಿ. ಗಾಳಿ ಇದ್ದರೆ ನೀರು ಒಳಗೇ ಕುಲುಕುತ್ತದೆ. ಮುಚ್ಚಳ ಹಾಕಿದ ಮೇಲೆ ಬ್ಲಾಡರನ್ನು ತಲೆಕೆಳಗು ಮಾಡಿ ಹಿಡಿಯಿರಿ. ಗಾಳಿ ಪೈಪಿನ ಬಾಯಿ ಕಡೆ ಬರುತ್ತದೆ. ನೀರು ಬರುವ ತನಕ ಹೀರಿ ತೆಗೆಯಿರಿ. ಇದಕ್ಕೆ ಸೂಜಿಯೂ ಬೇಡ, ದಾರವೂ ಬೇಡ. ನಾನು ಇದನ್ನು ಮೊದಲೇ ಮಾಡಬೇಕಿತ್ತು!

ಎರಡನೆಯ ಕಾರಣ, ಬ್ಯಾಗಿನ ಕೆಳಗಿನ ಭಾಗವನ್ನು ಹಿಡಿಯುವವರೇ ಇರಲಿಲ್ಲ. ಸೊಂಟದ ಪಟ್ಟಿ ಬೇಕಿತ್ತು. ಹಳೆಯ ದೊಡ್ಡ ಟ್ರೆಕ್ಕಿಂಗ್ ಬ್ಯಾಗಿನಿಂದ ಬಿಚ್ಚಿದ ದಪ್ಪ ಮೆತ್ತೆಯ ಪಟ್ಟಿಯನ್ನೂ, 25 ಮಿಲಿಮೀಟರ್ ಅಗಲದ ಬರಿ ವೆಬ್ಬಿಂಗ್ (ಗಟ್ಟಿಯಾಗಿ ನೇಯ್ದ ತೆಳು) ಪಟ್ಟಿಯನ್ನೂ ಕಟ್ಟಿ ನೋಡಿದೆ. ದಪ್ಪದ್ದೇ ಗೆಲ್ಲುತ್ತದೆ ಅಂದುಕೊಂಡಿದ್ದೆ. ಸೋತಿತು. ದೊಡ್ಡ ಬ್ಯಾಗಿನಲ್ಲಿ ಒಳಗೆ ಗಟ್ಟಿ ಚೌಕಟ್ಟು ಇರುತ್ತದೆ, ಅದು ಭಾರವನ್ನು ಸೊಂಟಕ್ಕೆ ಇಳಿಸುತ್ತದೆ. ಈ ಪುಟ್ಟ ಬ್ಯಾಗಿಗೆ ಚೌಕಟ್ಟೇ ಇಲ್ಲ, ಇನ್ನು ಭಾರ ಇಳಿಯುವುದೆಲ್ಲಿ? ಇಲ್ಲಿ ಸೊಂಟದ ಪಟ್ಟಿಯ ಕೆಲಸ ಓಲಾಡದಂತೆ ಹಿಡಿದುಕೊಳ್ಳುವುದು, ಅಷ್ಟೇ. ಅದಕ್ಕೆ ತೆಳ್ಳನೆಯದೇ ಸಾಕು. ದಪ್ಪದ್ದು ಸುಮ್ನೆ ಸೆಕೆ.

ಮೂರನೆಯದು ಕುಡಿದ ಹಾಗೆ ಬದಲಾಗುವ ಭಾರ. 2 ಲೀಟರ್ ಅಂದರೆ 2 ಕಿಲೋ. ಕೊನೆಗೆ ಅದು ಸೊನ್ನೆ. ಹೊರಡುವಾಗ ಬಿಗಿಯಾಗಿದ್ದ ಪಟ್ಟಿ ದಾರಿಯಲ್ಲಿ ತಾನಾಗೇ ಸಡಿಲ. ಎದೆಯ ಪಟ್ಟಿಯ ಮಧ್ಯೆ ಅಗಲವಾದ ಎಲಾಸ್ಟಿಕ್ ತುಂಡು ಸೇರಿಸಿ ಹೊಲಿದೆ. ಈಗ ಸಡಿಲವಾದಷ್ಟನ್ನು ಅದೇ ಎಳೆದುಕೊಳ್ಳುತ್ತದೆ, ಜೋರಾಗಿ ಉಸಿರು ತೆಗೆದರೂ ಎದೆ ಹಿಡಿದ ಹಾಗೆ ಆಗುವುದಿಲ್ಲ. ಎದೆಗೆ ಎಲಾಸ್ಟಿಕ್ ಇಲ್ಲದ ಎರಡು ಪಟ್ಟಿಗಳನ್ನೂ ಹಾಕಿ ನೋಡಿದ್ದೆ. ಹಿಡಿತ ಚೆನ್ನಾಗಿತ್ತು, ಆದರೆ ಬಾಯಾರಿ ನಿಂತಾಗಲೆಲ್ಲ ಎರಡನ್ನೂ ಬಿಗಿ ಮಾಡುವ ಕೆಲಸ. ಬೇಸರವಾಯಿತು.

ಬೆನ್ನಿನ ಕಡೆಗೆ ಜಾಲಿ ಬಟ್ಟೆಯನ್ನೂ ಹಚ್ಚಿದೆ. ಗಾಳಿ ಸ್ವಲ್ಪ ಆಡುತ್ತದೆ. ಅಷ್ಟು ಹೊಲಿಯುವ ಕಷ್ಟಕ್ಕೆ ತಕ್ಕ ಫಲವಲ್ಲ.

ಇನ್ನು ಸಾಮಾನು ಸಿಕ್ಕಿಸುವ ವಿಷಯ. ಇದರಲ್ಲಿ ನನ್ನ ದಡ್ಡತನವೂ ಸೇರಿದೆ. ಸೈನಿಕರ ಬ್ಯಾಗುಗಳಲ್ಲಿ ಅಡ್ಡಡ್ಡ ಪಟ್ಟಿಗಳ ಸಾಲು ನೋಡಿರುತ್ತೀರಿ. ಮಾಲಿ (MOLLE) ಅಂತ ಕರೆಯುತ್ತಾರೆ. ಒಂದು ಇಂಚಿನ ಪಟ್ಟಿ, ಒಂದೂವರೆ ಇಂಚಿಗೊಂದು ಹೊಲಿಗೆ, ಸಾಲುಗಳ ನಡುವೆ ಒಂದು ಇಂಚು ಜಾಗ. ನಾನು ಅದೇ ಅಳತೆಯಲ್ಲಿ ಎರಡು ಸಾಲು ಹಾಕಿದೆ. ಬ್ಲಾಡರ್ ತೆಗೆದಿಟ್ಟೆ, ಚಾಕ್‌ನಲ್ಲಿ ಗುರುತು ಮಾಡಿದೆ, ಗಟ್ಟಿ ನೈಲಾನ್ ದಾರದಲ್ಲಿ ಒಂದು ಸಂಜೆ ಪೂರ್ತಿ ಹೊಲಿದೆ. ಮುಗಿಸಿ ಹೆಮ್ಮೆಯಿಂದ ನೋಡಿದೆ. ಬ್ಲಾಡರ್ ಒಳಗೆ ಹೋಗಲೇ ಇಲ್ಲ. ಹೊರಗಿನ ಬಟ್ಟೆಯ ಜೊತೆ ಒಳಗಿನ ಗೋಡೆಯನ್ನೂ ಸೇರಿಸಿ ಹೊಲಿದುಬಿಟ್ಟಿದ್ದೆ. ಎಲ್ಲ ಬಿಚ್ಚಿ, ಎರಡನೆಯ ಸಲ ಒಳಗೆ ಒಂದು ತೆಳು ರಟ್ಟು ತೂರಿಸಿಟ್ಟು ಹೊಲಿದೆ.

ಆ ರಟ್ಟಿನ ಉಪಾಯ ನೆನಪಿಡಿ. ಹಾಗೇ ಪಟ್ಟಿಯ ತುದಿಗಳನ್ನು ಬೆಂಕಿಯ ಹತ್ತಿರ ಹಿಡಿದು ಕರಗಿಸಿ, ಇಲ್ಲದಿದ್ದರೆ ನೂಲು ಬಿಡುತ್ತದೆ. ಭಾರ ಬೀಳುವ ಕಡೆ ಒಳಗಿಂದ ಒಂದು ತುಂಡು ಬಟ್ಟೆ ಕೊಟ್ಟು ಹೊಲಿಯಿರಿ. ಹೊಲಿಗೆ ಗಟ್ಟಿಯಿದ್ದರೂ ಬ್ಯಾಗಿನ ಬಟ್ಟೆಯೇ ಹರಿಯಬಹುದು.

ಇದಕ್ಕೆ ಎದುರಾಗಿ ನಿಲ್ಲಿಸಿದ್ದು 3 ಮಿಲಿಮೀಟರ್ ಎಲಾಸ್ಟಿಕ್ ಹಗ್ಗ. ನಾಲ್ಕು ಮೂಲೆಗೆ ಪುಟ್ಟ ಕುಣಿಕೆ, ಶೂ ಲೇಸಿನ ಹಾಗೆ ಅಡ್ಡಾದಿಡ್ಡಿ ಪೋಣಿಸುವುದು, ಕೊನೆಗೆ ಒತ್ತಿದರೆ ಸಡಿಲವಾಗುವ ಕಾರ್ಡ್ ಲಾಕ್. ಅರ್ಧ ಗಂಟೆಯ ಕೆಲಸ. ಜಾಕೆಟ್, ಟೋಪಿ, ಒದ್ದೆ ಟವೆಲ್‌ಗೆ ಇದರ ಸಮ ಬೇರೆ ಇಲ್ಲ. ಸೈಕಲ್ ಪಂಪ್ ಸಿಕ್ಕಿಸಿದೆ, ಅದು ಪ್ರತಿ ಹೆಜ್ಜೆಗೂ ಬೆನ್ನಿಗೆ ಬಡಿಯಿತು. ಹಿಗ್ಗುವ ಹಗ್ಗ ಭಾರದ ವಸ್ತುವನ್ನು ಹಿಡಿಯುವುದಿಲ್ಲ, ತೂಗುತ್ತದೆ. ಪಂಪಿಗೆ ಹೊಲಿದ ಪಟ್ಟಿಯೇ ಸರಿ.

ವೆಲ್ಕ್ರೋ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೆಸರು, ಕೂದಲು, ಹುಲ್ಲಿನ ಮುಳ್ಳು ಎಲ್ಲ ಅಂಟಿಕೊಂಡು ಕೆಲವೇ ವಾರಗಳಲ್ಲಿ ಹಿಡಿತ ಹೋಯಿತು. ಅಷ್ಟರಲ್ಲಿ ನನ್ನ ಅಂಗಿಯ ತೋಳನ್ನೂ ಕೆರೆದುಹಾಕಿತ್ತು.

ಉಳಿದದ್ದು ನೀರು ಕುಡಿಯುವ ಪೈಪ್. 1989ರಲ್ಲಿ ಮೈಕಲ್ ಐಡ್ಸನ್ ಎಂಬ ಆಂಬುಲೆನ್ಸ್ ಕೆಲಸಗಾರ ಟೆಕ್ಸಾಸ್‌ನ 100 ಮೈಲಿ ಸೈಕಲ್ ಓಟಕ್ಕೆ ಡ್ರಿಪ್ ಚೀಲಕ್ಕೆ ನೀರು ತುಂಬಿ, ಕಾಲುಚೀಲದೊಳಗೆ ತುರುಕಿ, ಬೆನ್ನಿಗೆ ಹಾಕಿಕೊಂಡು ಹೋಗಿದ್ದರು. ಪೈಪಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು. ಇಂಥ ಬ್ಯಾಗುಗಳ ಕಂಪನಿ ಕ್ಯಾಮೆಲ್‌ಬ್ಯಾಕ್ ಹುಟ್ಟಿದ್ದು ಹಾಗೆ. ನಾನೂ ಬಟ್ಟೆ ಕ್ಲಿಪ್ಪು ಹಾಕಿ ನೋಡಿದೆ. ಹಿಡಿಯುತ್ತದೆ, ಆದರೆ ಓಡುವಾಗ ಗಲ್ಲಕ್ಕೆ ಚುಚ್ಚುತ್ತದೆ. ಅಯಸ್ಕಾಂತದ ಕ್ಲಿಪ್ ತುಂಬ ಸಲೀಸು. ನೋಡದೇ ಬಿಟ್ಟರೂ ಟಕ್ ಅಂತ ಕೂರುತ್ತದೆ. ಆದರೆ ದಿಕ್ಸೂಚಿ ಬಳಸುವವರು ಅದನ್ನು ಎದೆಯ ಮೇಲೆ ಇಟ್ಟುಕೊಳ್ಳಬೇಡಿ, ಮುಳ್ಳು ದಾರಿ ತಪ್ಪುತ್ತದೆ. ನನ್ನ ಬ್ಯಾಗಿನಲ್ಲಿ ಈಗ ಇರುವುದು ಭುಜದ ಪಟ್ಟಿಗೆ ಹೊಲಿದ ಎರಡು ಎಲಾಸ್ಟಿಕ್ ಕುಣಿಕೆ. ಪೈಪ್ ವಾಪಸ್ ತೂರಿಸಲು ಎರಡು ಕೈ ಬೇಕು. ಸೈಕಲ್ ಮೇಲಿದ್ದಾಗ ಅದೊಂದು ತಲೆನೋವು. ಓಡುವಾಗ ಏನೂ ತೊಂದರೆಯಿಲ್ಲ.