ಚುಮಾಥಾಂಗ್ ಮತ್ತು ಪೂಗಾ: ಲಡಾಖಿನ ಬಿಸಿನೀರಿನ ಬುಗ್ಗೆಗಳು

ಲೇಹ್‌ನಿಂದ ಸಿಂಧೂ ನದಿಯ ದಡವನ್ನೇ ಹಿಡಿದು ಆಗ್ನೇಯಕ್ಕೆ ಸಾಗಿದರೆ, ಉಪ್ಶಿಯಲ್ಲಿ ಮನಾಲಿಯ ರಸ್ತೆ ಬಲಕ್ಕೆ ಕವಲೊಡೆದ ಮೇಲೆ ಕಣಿವೆ ಕಿರಿದಾಗುತ್ತಾ ಹೋಗುತ್ತದೆ. ನೇರಳೆ, ಕಂದು, ಬೂದು ಬಣ್ಣದ ಬೋಳು ಬೆಟ್ಟಗಳ ನಡುವೆ ಹಸಿರೆಂಬುದು ಆಗೊಮ್ಮೆ ಈಗೊಮ್ಮೆ ಸಿಗುವ ಹಳ್ಳಿಗಳ ಬಾರ್ಲಿ ಹೊಲಗಳಲ್ಲಿ ಮಾತ್ರ ಕಾಣುತ್ತದೆ. ಲೇಹ್‌ನಿಂದ ಸುಮಾರು 140 ಕಿಲೋಮೀಟರ್ ದೂರದಲ್ಲಿ, ಸಮುದ್ರಮಟ್ಟದಿಂದ ಹತ್ತಿರಹತ್ತಿರ 4,000 ಮೀಟರ್ ಎತ್ತರದಲ್ಲಿರುವ ಚುಮಾಥಾಂಗ್‌ನಲ್ಲಿ ನದಿಯ ಅಂಚಿನಿಂದಲೇ ಹಬೆ ಏಳುತ್ತದೆ. ಇನ್ನೂ ಮುಂದೆ, ಮಾಹೆ ಎಂಬ ಊರಿನ ಸೇತುವೆ ದಾಟಿ ಸುಮ್ದೊ ಮಾರ್ಗವಾಗಿ ಹೋದರೆ ಸುಮಾರು 4,400 ಮೀಟರ್ ಎತ್ತರದ ಪೂಗಾ ಕಣಿವೆ ಸಿಗುತ್ತದೆ. ಇವೆರಡನ್ನೂ ಒಂದೇ ಪ್ರವಾಸದಲ್ಲಿ ನೋಡಬಹುದು, ನೋಡಲೇಬೇಕು. ಆದರೆ ಎರಡರಿಂದಲೂ ಒಂದೇ ಬಗೆಯ ಅನುಭವವನ್ನು ನಿರೀಕ್ಷಿಸಬಾರದು. ಚುಮಾಥಾಂಗ್ ಸ್ನಾನಕ್ಕೆ ತಕ್ಕ ಜಾಗ, ಪೂಗಾ ನೋಡುವುದಕ್ಕೆ.

ಸ್ನಾನದ ವಿಷಯವನ್ನೇ ಮೊದಲು ಹೇಳುತ್ತೇನೆ. ಚುಮಾಥಾಂಗ್‌ನ ಬುಗ್ಗೆಗಳಲ್ಲಿ ಕೆಲವು ಕುದಿಯುವ ಮಟ್ಟಕ್ಕೆ ಸಮೀಪವಾಗಿಯೇ ಹೊರಬರುತ್ತವೆ. ಈ ಎತ್ತರದಲ್ಲಿ ವಾಯುಭಾರ ಕಡಿಮೆಯಿರುವುದರಿಂದ ನೀರು 87 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ಹಾಗಾಗಿ ಬುಗ್ಗೆಯ ಬಾಯಿಗೆ ನೇರವಾಗಿ ಕೈ ಹಾಕುವಂತಿಲ್ಲ; ತಣ್ಣೀರು ಬೆರೆಸಿಕೊಂಡೇ ಮೈಗೆ ಹಾಕಿಕೊಳ್ಳಬೇಕು. ಅಲ್ಲಿನ ಸಣ್ಣ ವಸತಿಗೃಹಗಳಲ್ಲಿ ಬುಗ್ಗೆಯ ನೀರು ಬರುವ ಸ್ನಾನದ ಕೋಣೆಗಳಿವೆ. ನಾನು ಉಳಿದ ಕಡೆ ಕೋಣೆಯ ನೆಲ ಜಾರುತ್ತಿತ್ತು, ಬಾಗಿಲಿನ ಚಿಲಕ ಸರಿಯಾಗಿ ಕೂರುತ್ತಿರಲಿಲ್ಲ, ಬಟ್ಟೆ ನೇತುಹಾಕಲು ಒಂದು ಮೊಳೆಯೂ ಇರಲಿಲ್ಲ. ಹಣ ಪಡೆಯುವವರು ಇಷ್ಟನ್ನಾದರೂ ಸರಿಪಡಿಸಬೇಕಿತ್ತು ಎಂಬ ಅಸಮಾಧಾನ ನನಗೆ ಈಗಲೂ ಇದೆ. ಆದರೆ ನೀರಿನ ಬಗ್ಗೆ ದೂರುವುದಕ್ಕೆ ಏನೂ ಇಲ್ಲ. ಇಡೀ ದಿನ ಒಣಗಾಳಿಗೆ ಮೈಯೊಡ್ಡಿ ತುಟಿ ಬಿರಿದು, ಬೆರಳ ತುದಿಗಳು ಮರಗಟ್ಟಿರುವಾಗ ಭುಜದ ಮೇಲೆ ಸುರಿಯುವ ಆ ನೀರು ಕೊಡುವ ಹಿತವನ್ನು ಯಾವ ಹೋಟೆಲಿನ ಗೀಸರೂ ಕೊಡಲಾರದು. ಗಂಧಕದ ವಾಸನೆ ಮೊದಲು ಮೂಗಿಗೆ ಬಡಿಯುತ್ತದೆ. ಸ್ವಲ್ಪ ಹೊತ್ತಿಗೆ ಅದರ ಪರಿವೆಯೇ ಉಳಿಯುವುದಿಲ್ಲ.

ನೀರು ಎಷ್ಟೇ ಹಿತವೆನಿಸಿದರೂ ಬಹಳ ಹೊತ್ತು ಇರಬಾರದು. ಬಿಸಿನೀರಿನಲ್ಲಿ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಇಳಿಯುತ್ತದೆ; ಆಮ್ಲಜನಕ ವಿರಳವಾಗಿರುವ ಎತ್ತರದಲ್ಲಿ, ಅದರಲ್ಲೂ ದೇಹದಲ್ಲಿ ನೀರಿನಂಶ ಕಡಿಮೆಯಾಗಿರುವಾಗ, ಥಟ್ಟನೆ ಎದ್ದು ನಿಂತರೆ ಕಣ್ಣು ಕತ್ತಲಿಟ್ಟು ಬೀಳುವ ಸಂಭವವಿದೆ. ವಿಮಾನದಲ್ಲಿ ಬಂದಿಳಿದವರು ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲೇ ಕನಿಷ್ಠ ಎರಡು ದಿನ ವಿಶ್ರಾಂತಿ ಪಡೆದು, ದೇಹ ಹೊಂದಿಕೊಂಡ ಮೇಲೆಯೇ ಇತ್ತ ಹೊರಡಬೇಕು. ತಲೆನೋವು, ವಾಕರಿಕೆ ಇದ್ದರೆ ಮೇಲೇರುವ ಯೋಚನೆಯನ್ನೇ ಬಿಡಬೇಕು.

ಪೂಗಾ ಬೇರೆಯೇ ಲೋಕ. ಅಗಲವಾದ ಕಣಿವೆಯ ತಳದಲ್ಲಿ ಜೌಗು ನೆಲ, ನಡುವೆ ಹರಿಯುವ ತೊರೆ, ದಡದುದ್ದಕ್ಕೂ ಉಪ್ಪು ಮತ್ತು ಬಿಳಿಗಾರದ (ಬೊರಾಕ್ಸ್) ಬಿಳಿ ಪದರ, ಅಲ್ಲಲ್ಲಿ ಗಂಧಕದ ಹಳದಿ ಕಲೆ. ಬಾಗಿ ನೋಡಿದರೆ ಬೊಗಸೆಯಗಲದ ಒಂದೊಂದು ಗುಳಿಯಲ್ಲಿ ನೀರು ಗುಳುಗುಳು ಸದ್ದು ಮಾಡುತ್ತಾ ಉಕ್ಕುತ್ತಿರುತ್ತದೆ. ಗುಳಿಯ ಬಾಯಲ್ಲಿ ಏನೂ ಬೆಳೆದಿರುವುದಿಲ್ಲ. ನೀರು ಹರಿದು ಕೊಂಚ ತಣಿದ ಕಡೆ ಕಿತ್ತಳೆ ಬಣ್ಣದ ಲೋಳೆ, ಇನ್ನಷ್ಟು ತಣಿದ ಕಡೆ ಹಸಿರು ಪಾಚಿ. ಶಾಖವನ್ನು ತಾಳಬಲ್ಲ ಸೂಕ್ಷ್ಮಜೀವಿಗಳು ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಜಾಗ ಹಂಚಿಕೊಂಡಿರುವುದನ್ನು ಹೀಗೆ ಬರಿಗಣ್ಣಿನಿಂದ ನೋಡುವ ಅವಕಾಶ ಅಪರೂಪದ್ದು. ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಇಂಥ ಒಂದು ಗುಳಿಯ ಪಕ್ಕದಲ್ಲೇ.

ಹತ್ತಿರದಲ್ಲಿ ಯಾವ ಜ್ವಾಲಾಮುಖಿಯೂ ಕಾಣದ ಈ ನಾಡಿನಲ್ಲಿ ಇಷ್ಟು ಶಾಖ ಎಲ್ಲಿಂದ ಬಂತೆಂದು ಕೇಳಿದರೆ, ಉತ್ತರ ಕಾಲ ಕೆಳಗಿನ ಬಂಡೆಯಲ್ಲಿದೆ. ಭಾರತದ ಭೂಫಲಕ ಏಷ್ಯಾದ ಭೂಫಲಕಕ್ಕೆ ಡಿಕ್ಕಿ ಹೊಡೆದು ಬೆಸೆದುಕೊಂಡ ಸಿಂಧೂ ಸಂಧಿವಲಯದಲ್ಲೇ ಈ ಬುಗ್ಗೆಗಳಿರುವುದು. ಹಿಮ ಕರಗಿದ ನೀರು ಬಿರುಕುಗಳ ಮೂಲಕ ಆಳಕ್ಕಿಳಿದು, ಅಲ್ಲಿನ ಬಿಸಿ ಬಂಡೆಗಳಿಂದ ಕಾದು, ಖನಿಜಗಳನ್ನು ಕರಗಿಸಿಕೊಂಡು ಮತ್ತೆ ಮೇಲೇರುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು 1970ರ ದಶಕದಲ್ಲಿಯೇ ಇಲ್ಲಿ ಕೊಳವೆ ಕೊರೆದು ಪರೀಕ್ಷಿಸಿತ್ತು. 2021ರಲ್ಲಿ ಭೂಶಾಖದಿಂದ ವಿದ್ಯುತ್ ಉತ್ಪಾದಿಸುವ ಯೋಜನೆಗಾಗಿ ಸರ್ಕಾರಿ ತೈಲ ಸಂಸ್ಥೆ ಒಎನ್‌ಜಿಸಿಯ ಅಂಗವಾದ ‘ಎನರ್ಜಿ ಸೆಂಟರ್’ ಲಡಾಖ್ ಆಡಳಿತದೊಂದಿಗೆ ಒಪ್ಪಂದ ಮಾಡಿಕೊಂಡಿತು.

ಪೂಗಾದಲ್ಲಿ ನಡೆಯುವಾಗ ಎಚ್ಚರ ಅತ್ಯಗತ್ಯ. ಬಿಳಿ ಪದರ ಗಟ್ಟಿ ನೆಲದಂತೆ ಕಂಡರೂ ಕೆಳಗೆ ಕುದಿನೀರೋ ಕೆಸರೋ ಇರಬಹುದು. ಆದ್ದರಿಂದ ಸವೆದ ಕಾಲುದಾರಿ ಬಿಟ್ಟು ಹೋಗಬಾರದು, ಮಕ್ಕಳ ಕೈ ಬಿಡಬಾರದು. ವಾಹನವನ್ನು ಹುಲ್ಲಿನ ಮೇಲೆ ಇಳಿಸುವವರನ್ನು ಕಂಡರೆ ನಿಜಕ್ಕೂ ನೋವಾಗುತ್ತದೆ. ಆ ಹುಲ್ಲನ್ನು ನೆಚ್ಚಿಕೊಂಡು ಚಾಂಗ್ಪಾ ಪಶುಪಾಲಕರು ಪಶ್ಮಿನಾ ಮೇಕೆಗಳನ್ನು ಮೇಯಿಸುತ್ತಾರೆ. ವರ್ಷಕ್ಕೆ ಅತ್ಯಲ್ಪ ಮಳೆ ಬೀಳುವ ನೆಲದಲ್ಲಿ ಒಮ್ಮೆ ಚಕ್ರದಡಿ ನಲುಗಿದ ಹುಲ್ಲು ಬೇಗ ಚಿಗುರುವುದಿಲ್ಲ. ಬುಗ್ಗೆಯ ನೀರಿನಲ್ಲಿ ಶಾಂಪೂ ಬಳಸುವುದು, ನೂಡಲ್ಸ್ ಪೊಟ್ಟಣ ಎಸೆದು ಹೋಗುವುದು ಇವೂ ಅದೇ ಸಾಲಿಗೆ ಸೇರುತ್ತವೆ.

ತ್ಸೊ ಮೊರಿರಿ ಸರೋವರಕ್ಕೆ ಹೋಗುವವರು ಚುಮಾಥಾಂಗ್‌ನಲ್ಲಿ ಒಂದು ರಾತ್ರಿ ತಂಗಿದರೆ ದೇಹಕ್ಕೂ ಒಳ್ಳೆಯದು, ಮರುದಿನ ಪೂಗಾಕ್ಕೆ ಬೆಳಗಿನ ಹೊತ್ತಿಗೇ ತಲುಪಬಹುದು. ತಂಪು ಹವೆಯಲ್ಲಿ ಹಬೆ ದಟ್ಟವಾಗಿ ಕಾಣುವುದು ಆಗಲೇ. ಹಿಂದಿರುಗುವಾಗ ಪೊಲೊಕೊಂಗ್ಕಾ ಕಣಿವೆದಾರಿಯಿಂದ ತ್ಸೊ ಕರ್ ಸರೋವರದ ಕಡೆಗೆ ಇಳಿಯಬಹುದು. ಇಷ್ಟು ಎತ್ತರ ಬೇಡವೆನ್ನುವ ಹಿರಿಯರಿಗೆ ನುಬ್ರಾ ಕಣಿವೆಯ ಪನಾಮಿಕ್ ಮೇಲು; ಅದು ಸುಮಾರು 3,200 ಮೀಟರ್ ಎತ್ತರದಲ್ಲಿದೆ, ಆದರೆ ದಾರಿಯಲ್ಲಿ ಖರ್ದುಂಗ್ ಲಾ ಎಂಬ ಬಹು ಎತ್ತರದ ಕಣಿವೆದಾರಿಯನ್ನು ದಾಟಬೇಕಾಗುತ್ತದೆ. ಗುರುತಿನ ಚೀಟಿ ಜೊತೆಗಿರಲಿ. ಗಡಿಗೆ ಹತ್ತಿರದ ಪ್ರದೇಶವಾದ್ದರಿಂದ ಪರವಾನಗಿಯ ನಿಯಮಗಳನ್ನು ಹೊರಡುವ ಮೊದಲು ಲೇಹ್‌ನಲ್ಲಿ ವಿಚಾರಿಸಿಕೊಳ್ಳಬೇಕು. ಇಂಧನವನ್ನು ಕಾರು ಎಂಬ ಊರಿನಲ್ಲೇ ತುಂಬಿಸಿಕೊಳ್ಳಿ, ಮೊಬೈಲ್ ಸಂಪರ್ಕವನ್ನು ನೆಚ್ಚಿಕೊಳ್ಳಬೇಡಿ, ಕುಡಿಯುವ ನೀರನ್ನು ಬೇಕೆನಿಸುವುದಕ್ಕಿಂತ ಹೆಚ್ಚಾಗಿಯೇ ಒಯ್ಯಿರಿ.