ಸಾದಾ ಇಯರ್‌ಫೋನ್‌ಗೆ ಪ್ರಿನ್ಸಿಪೆ: ನಾಲ್ಕು ಅಂಡರ್‌ಗ್ರೌಂಡ್ ಲೇಬಲ್‌ಗಳ ಹೋಲಿಕೆ

ಅಂಡರ್‌ಗ್ರೌಂಡ್ ಡ್ಯಾನ್ಸ್ ಮ್ಯೂಸಿಕ್ ಎಲ್ಲಿಂದ ಶುರು ಮಾಡಲಿ ಅಂತ ಯಾರೇ ಕೇಳಿದರೂ ನಾನು ಹೇಳುವ ಹೆಸರು ಒಂದೇ: ಪೋರ್ಚುಗಲ್‌ನ ಲಿಸ್ಬನ್‌ನಲ್ಲಿರುವ ಲೇಬಲ್, ಅಂದರೆ ಹಾಡುಗಳನ್ನು ಹೊರತರುವ ಕಂಪನಿ, ಪ್ರಿನ್ಸಿಪೆ. ಲಂಡನ್ನಿನ ಹೈಪರ್‌ಡಬ್, ಲೀಡ್ಸ್‌ನಲ್ಲಿ ಹುಟ್ಟಿದ ಹೆಸ್ಲ್ ಆಡಿಯೋ, ಉಗಾಂಡಾದ ಕಂಪಾಲಾದಲ್ಲಿರುವ ನ್ಯೇಗೆ ನ್ಯೇಗೆ ಟೇಪ್ಸ್, ಇವುಗಳ ಆಲ್ಬಮ್‌ಗಳನ್ನೂ ದುಡ್ಡು ಕೊಟ್ಟೇ ಕೊಂಡಿದ್ದೇನೆ. ನಾಲ್ಕೂ ಒಳ್ಳೆಯ ಲೇಬಲ್‌ಗಳೇ. ಆದರೆ ಬೆಂಗಳೂರಿನ ಬಾಡಿಗೆ ಮನೆಯಲ್ಲಿ, ಮೆಟ್ರೋದಲ್ಲಿ, ಸಾದಾ ಇಯರ್‌ಫೋನ್‌ನಲ್ಲಿ ಕೇಳುವವರಿಗೆ ನಾಲ್ಕೂ ಒಂದೇ ಅಲ್ಲ.

ಕಾರಣ ಬೇಸ್, ಅಂದರೆ ಹಾಡಿನ ತೀರಾ ಕೆಳಗಿನ ಗುಡುಗಿನಂಥ ಸದ್ದು. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಯಾಕೆಂದರೆ ಕೊಳ್ಳುವ ಮುಂಚೆ ಇದನ್ನು ಯಾರೂ ಹೇಳುವುದಿಲ್ಲ.

ಹೈಪರ್‌ಡಬ್ ಅನ್ನು ಕೋಡ್‌ನೈನ್ ಅನ್ನುವ ಡಿಜೆ 2004ರಲ್ಲಿ ಶುರು ಮಾಡಿದ. ಮೊದಲ ರೆಕಾರ್ಡ್ ‘ಸೈನ್ ಆಫ್ ದ ಡಬ್’. ಅದರಲ್ಲಿ ಡ್ರಮ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕೆಳಗೆ ಉರುಳುವ ಬೇಸ್, ಅದರ ಮೇಲೆ ಮೆಲ್ಲಗೆ ಮಾತಾಡುವ ಒಂದು ಗಡಸು ದನಿ, ಅಷ್ಟೇ. ಫೋನ್ ಸ್ಪೀಕರ್‌ನಲ್ಲಿ ಹಾಕಿ ನೋಡಿ, ದನಿ ಮಾತ್ರ ಉಳಿಯುತ್ತದೆ. ಹಾಡಿನ ಅರ್ಧ ಭಾಗ ಕಾಣೆ. ಇಂಥ ಸಂಗೀತ ರೂಪುಗೊಂಡಿದ್ದೇ ಪ್ಲಾಸ್ಟಿಕ್ ಪೀಪಲ್‌ನಂಥ ಪುಟ್ಟ ಲಂಡನ್ ಕ್ಲಬ್‌ಗಳಲ್ಲಿ. ಕತ್ತಲೆ ಕೋಣೆ, ಭಾರಿ ಸ್ಪೀಕರ್‌ಗಳು, ಎದೆಗೆ ಬಂದು ತಾಗುವ ಸದ್ದು. ಆ ಕ್ಲಬ್ 2015ರಲ್ಲಿ ಮುಚ್ಚಿತು.

ಸರಿ, ಬೇಸ್ ಕೇಳಲೇಬೇಕು ಅಂತ ಬೇಸ್‌ಗೆಂದೇ ಮಾಡಿದ ಸ್ಪೀಕರ್, ಸೆಕೆಂಡ್ ಹ್ಯಾಂಡ್ ಸಬ್‌ವೂಫರ್ ಒಂದನ್ನು ಮನೆಗೆ ತಂದೆ. ಕೋಣೆಯ ನಡುವೆ ಮಂಚದ ಮೇಲೆ ಕೂತರೆ ಬೇಸ್ ಸುಳಿವೇ ಇಲ್ಲ. ನೀರು ಕುಡಿಯಲು ಎದ್ದು ಬಾಗಿಲ ಹತ್ತಿರದ ಮೂಲೆಗೆ ಹೋದರೆ ಕಿವಿ ಗುಂಯ್‌ಗುಡುವಷ್ಟು! ಸಬ್‌ವೂಫರ್ ಕೆಟ್ಟಿರಲಿಲ್ಲ. 40 ಹರ್ಟ್ಸ್, ಅಂದರೆ ಸೆಕೆಂಡಿಗೆ 40 ಸಲ ಕಂಪಿಸುವ ಸದ್ದಿನ ಒಂದು ಅಲೆ ಸುಮಾರು ಎಂಟೂವರೆ ಮೀಟರ್ ಉದ್ದ ಇರುತ್ತದೆ. ನನ್ನ ಕೋಣೆ 12 ಅಡಿ. 47 ಹರ್ಟ್ಸ್ ಆಸುಪಾಸಿನ ಅಲೆಯ ಸರಿಯಾಗಿ ಅರ್ಧ ಅದರಲ್ಲಿ ಹಿಡಿಯುತ್ತದೆ. ಆಗ ಎದುರುಬದುರು ಗೋಡೆಗಳ ಹತ್ತಿರ ಸದ್ದು ಗುಡ್ಡೆ ಬೀಳುತ್ತದೆ, ನಡುವೆ ಖಾಲಿ ಹೊಡೆಯುತ್ತದೆ. ಮಂಚವನ್ನು ಗೋಡೆಗೆ ಒತ್ತಿ ಹಾಕಿದೆ. ಕೇಳಿಸಿತು, ಚೆನ್ನಾಗಿಯೇ ಕೇಳಿಸಿತು.

ಕೆಳಗಿನ ಮನೆಯ ಓನರ್ ಆಂಟಿಗೂ ಕೇಳಿಸಿತು. ಮೇಲೆ ಬಂದು, “ಏನಪ್ಪಾ, ಮೋಟರ್ ಆಫ್ ಮಾಡೋಕೆ ಮರ್ತುಬಿಟ್ಯಾ? ಗೋಡೆಯೆಲ್ಲಾ ನಡುಗ್ತಿದೆ” ಅಂದರು. ಅವರದ್ದೇನೂ ತಪ್ಪಿಲ್ಲ. ಹಾಡಿನ ಉಳಿದದ್ದನ್ನೆಲ್ಲ ಗೋಡೆ, ಮೋಲ್ಡು ತಡೆದುಬಿಡುತ್ತವೆ. ಬೇಸ್ ಒಂದು ಮಾತ್ರ ಸಲೀಸಾಗಿ ದಾಟಿಹೋಗುತ್ತದೆ. ಅವರಿಗೆ ಕೇಳಿಸಿದ್ದು ಹಾಡಲ್ಲ, ಬರೀ ಗುಡುಗು. ಸ್ವಂತ ಮನೆ ಇದ್ದವರ ಮಾತು ಬೇರೆ. ಬಾಡಿಗೆದಾರರು ಈ ಖರ್ಚಿಗೆ ಕೈ ಹಾಕಬೇಡಿ.

ಹಾಗಂತ ಹೈಪರ್‌ಡಬ್ ಬಿಟ್ಟೇಬಿಡಿ ಅಂತಲ್ಲ. ಬರಿಯಲ್‌ನ ‘ಅನ್‌ಟ್ರೂ’ (2007) ಎಂಥ ಇಯರ್‌ಫೋನ್‌ನಲ್ಲೂ ನಿಲ್ಲುತ್ತದೆ. ಮಳೆಯಂಥ ಚಿಟಪಟ, ತುಂಡು ತುಂಡಾದ ದನಿಗಳು ಎಲ್ಲ ಮೇಲಿನ ಸ್ವರಗಳಲ್ಲೇ ಇವೆ. ಷಿಕಾಗೋದ ಡಿಜೆ ರಶಾದ್‌ನ ‘ಡಬಲ್ ಕಪ್’ (2013) ಕೂಡ ಕೊಳ್ಳಿ.

ಹೆಸ್ಲ್ ಆಡಿಯೋ 2007ರಲ್ಲಿ ಬೆನ್ ಯುಎಫ್ಒ, ಪ್ಯಾಂಜಿಯಾ, ಪಿಯರ್ಸನ್ ಸೌಂಡ್ ಸೇರಿ ಕಟ್ಟಿದ ಲೇಬಲ್. ಡಿಜೆ ಆಡುವವರಿಗೆ ಹೇಳಿ ಮಾಡಿಸಿದ್ದು. ಸುಮ್ನೆ ಕೂತು ಕೇಳುವ ನನಗೆ ಸ್ವಲ್ಪ ಒಣ. ಜೋ ಅನ್ನುವವನ ‘ಕ್ಲ್ಯಾಪ್‌ಟ್ರ್ಯಾಪ್’ ಒಂದನ್ನು ಮಾತ್ರ ತಪ್ಪಿಸಬೇಡಿ.

ಇನ್ನು ಪ್ರಿನ್ಸಿಪೆ. ಲಿಸ್ಬನ್ ಹೊರವಲಯದ ಬಡಾವಣೆಗಳಲ್ಲಿ ಬೆಳೆದ ಹುಡುಗ ಹುಡುಗಿಯರ ಸಂಗೀತ ಇದು. ಅವರ ಮನೆಯವರು ಅಂಗೋಲಾ, ಕೇಪ್ ವರ್ಡೆ, ಸಾವೊ ಟೊಮೆಯಂಥ ಕಡೆಗಳಿಂದ ಬಂದವರು. ಅಂಗೋಲಾದ ಕುಡೂರೋ ಅನ್ನುವ ಡ್ಯಾನ್ಸ್ ಸಂಗೀತ ಇದರ ತಾಯಿಬೇರು, ಇಲ್ಲಿ ಬೆಳೆದ ರೂಪಕ್ಕೆ ಬಟೀಡಾ ಅಂತಾರೆ. ಇಲ್ಲಿ ಹಾಡನ್ನು ಹೊರುವುದು ಬೇಸ್ ಅಲ್ಲ, ತಾಳ. ಒಂದು ಪೆಟ್ಟು ಬೀಳಬೇಕಾದ ಜಾಗಕ್ಕಿಂತ ಕೂದಲೆಳೆಯಷ್ಟು ಮುಂಚೆ ಬೀಳುತ್ತದೆ, ಇನ್ನೊಂದು ಆಮೇಲೆ ಬಂದು ಅದನ್ನು ಹಿಡಿಯುತ್ತದೆ. ಜಾತ್ರೆಯಲ್ಲಿ ತಮಟೆ ಕೇಳಿ ಬೆಳೆದವರಿಗೆ ಈ ಎಳೆದಾಟ ಹೊಸದೇನಲ್ಲ, ಕಾಲು ತಾನಾಗಿ ಅಲ್ಲಾಡುತ್ತದೆ. ಹೆಚ್ಚಿನ ಪೆಟ್ಟುಗಳು ನಡುವಿನ ಸ್ವರಗಳಲ್ಲೇ ಇರುವುದರಿಂದ ಅಗ್ಗದ ಇಯರ್‌ಫೋನ್‌ನಲ್ಲೂ ಹೆಚ್ಚೇನೂ ಕಳೆದುಹೋಗುವುದಿಲ್ಲ.

ಡಿಜೆ ಫಿರ್ಮೇಜಾ ತನ್ನ ತಂದೆಯ ನೆನಪಿಗೆ ಮಾಡಿದ ‘ಆಲ್ಮಾ ದೊ ಮೆವು ಪೈ’ (2015) ಕೇಳಿ. ಡ್ರಮ್ಮು, ನಡುನಡುವೆ ದನಿ, ಹೆಚ್ಚುಕಡಿಮೆ ಅಷ್ಟರಲ್ಲೇ ಮನಸ್ಸು ಕಲಕುತ್ತದೆ. ಹರೆಯದಲ್ಲೇ ಫ್ರಾನ್ಸ್‌ನ ಬೋರ್ಡೋಗೆ ಹೋದ ನೀಡಿಯಾಳ 2017ರ ಆಲ್ಬಮ್ ಬಲು ಚುರುಕು. ಇವರಿಗೆಲ್ಲ ದಾರಿ ಮಾಡಿಕೊಟ್ಟವನು ಡಿಜೆ ಮಾರ್ಫಾಕ್ಸ್. ರೆಕಾರ್ಡ್‌ಗಳ ಕವರ್‌ಗಳನ್ನು ಮಾರ್ಸಿಯೋ ಮಾಟೋಸ್ ಕೈಯಿಂದಲೇ ಬಣ್ಣ ಹಾಕಿ ಮಾಡುತ್ತಾರೆ, ನೋಡಲು ತುಂಬಾ ಚೆಂದ. ಆದರೆ ವಿನೈಲ್ ತರಿಸಿದರೆ ಅಂಚೆ ವೆಚ್ಚ, ಕಸ್ಟಮ್ಸ್ ಸೇರಿ ನನ್ನ ಬಜೆಟ್ ದಾಟುತ್ತದೆ. ಹಾಗಾಗಿ ನನ್ನದು ಬರೀ ಡಿಜಿಟಲ್.

ನ್ಯೇಗೆ ನ್ಯೇಗೆ ನನ್ನ ಎರಡನೇ ಆಯ್ಕೆ. ‘ಸೌಂಡ್ಸ್ ಆಫ್ ಸಿಸೊ’ (2017) ಟಾಂಜಾನಿಯಾದ ದಾರ್ ಎಸ್ ಸಲಾಮ್‌ನ ಸಿಂಗೆಲಿ ಸಂಗೀತದ ಸಂಗ್ರಹ. ನಿಮಿಷಕ್ಕೆ 200 ದಾಟುವ ಬೀಟ್! ಬೆಳಿಗ್ಗೆ ಓಡುವಾಗ ಅದ್ಭುತ, ರಾತ್ರಿ ಕೇಳಿದರೆ ನಿದ್ದೆ ಹಾಳು. ಅದಕ್ಕಿಂತ ನನಗೆ ಹತ್ತಿರವಾದದ್ದು ಓಟಿಮ್ ಆಲ್ಫಾನ ‘ಗುಲು ಸಿಟಿ ಆಂಥೆಮ್ಸ್’. ಉತ್ತರ ಉಗಾಂಡಾದ ಅಚೋಲಿ ಜನರ ಮದುವೆ ಹಾಡುಗಳನ್ನು ಕಂಪ್ಯೂಟರ್ ಬೀಟ್‌ಗೆ ಕೂರಿಸಿದ್ದಾನೆ.

ನಾಲ್ಕೂ ಲೇಬಲ್‌ಗಳ ಹಾಡುಗಳು ಬ್ಯಾಂಡ್‌ಕ್ಯಾಂಪ್ ಅನ್ನುವ ಆನ್‌ಲೈನ್ ಸಂಗೀತದಂಗಡಿಯಲ್ಲಿ ಸಿಗುತ್ತವೆ. ಡಿಜಿಟಲ್ ಮಾರಾಟದಲ್ಲಿ ಬ್ಯಾಂಡ್‌ಕ್ಯಾಂಪ್‌ನವರು ಸಾಮಾನ್ಯವಾಗಿ ನೂರಕ್ಕೆ 15 ಇಟ್ಟುಕೊಳ್ಳುತ್ತಾರೆ. ಬ್ಯಾಂಡ್‌ಕ್ಯಾಂಪ್ ಫ್ರೈಡೇ ಅಂತ ಅವರೇ ಗೊತ್ತುಮಾಡುವ ಕೆಲವು ಶುಕ್ರವಾರಗಳಲ್ಲಿ ಅದನ್ನೂ ಬಿಡುತ್ತಾರೆ, ನಾನು ಕೊಳ್ಳುವುದು ಅವತ್ತೇ. ಮೊದಲು ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ಇಂಟರ್‌ನ್ಯಾಷನಲ್ ಪೇಮೆಂಟ್ ಆನ್ ಮಾಡಿಕೊಳ್ಳಿ. ತಿಂಗಳಿಗೆ ಒಂದೇ ಆಲ್ಬಮ್ ಅಂದರೆ ಪ್ರಿನ್ಸಿಪೆಯ ‘ಮಾಂಬೋಸ್ ಲೆವಿಸ್ ದೌತ್ರೊ ಮುಂಡೊ’ (2016) ಕೊಳ್ಳಿ. ಇಪ್ಪತ್ತಕ್ಕೂ ಹೆಚ್ಚು ಹಾಡುಗಳು ಒಂದೇ ಕಡೆ ಸಿಗುತ್ತವೆ. ಯಾರ ಹಾಡು ಮತ್ತೆ ಮತ್ತೆ ಹಾಕಿಕೊಳ್ಳುತ್ತೀರೋ ಮುಂದಿನ ತಿಂಗಳು ಅವರ ಆಲ್ಬಮ್‌ಗೆ ಹೋಗಿ.