ಹಳೆಯ ರೇಸಿಂಗ್ ಬಗ್ಗಿ ಕೊಳ್ಳುವ ಮುನ್ನ

ಟೀಮ್ ಅಸೋಸಿಯೇಟೆಡ್ ಸಂಸ್ಥೆಯ ಆರ್‌ಸಿ10 ಎಂಬ, ರೇಡಿಯೊ ರಿಮೋಟಿನಿಂದ ಓಡಿಸುವ ಪುಟ್ಟ ಬಗ್ಗಿ ಕಾರು 1984ರಲ್ಲಿ ಬಂದ ನಂತರ ಬಹುಕಾಲ, ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಚಾಲನೆಯಿರುವ 1:10 ಅಳತೆಯ ರೇಸಿಂಗ್ ಬಗ್ಗಿಗಳಲ್ಲಿ ಮೋಟಾರನ್ನು ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ ಕೂರಿಸುವುದೇ ವಾಡಿಕೆಯಾಗಿತ್ತು. ಸಡಿಲ ಮಣ್ಣಿನಲ್ಲಿ ಈ ಜೋಡಣೆ ಇಂದಿಗೂ ಒಳ್ಳೆಯ ಹಿಡಿತ ಕೊಡುತ್ತದೆ; ಕಾರ್ಪೆಟ್ ಅಥವಾ ಕೃತಕ ಹುಲ್ಲಿನ ಟ್ರ್ಯಾಕಿನಲ್ಲಾದರೆ ಮೋಟಾರು ನಡುವಿರುವ ಹೊಸ ಬಗ್ಗಿಗಳಿಗೆ ಅದು ಸಾಟಿಯಾಗದು.

ಗಾಡಿ ಕೈಗೆ ಸಿಕ್ಕಾಗ ಬಣ್ಣದ ಬಾಡಿಯನ್ನು ಪಕ್ಕಕ್ಕಿಟ್ಟು ನೋಡಬೇಕು. ಬಾಲ್ ಡಿಫರೆನ್ಷಿಯಲ್ (ಎರಡು ಹಿಂಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ, ಪುಟ್ಟ ಗುಂಡುಗಳುಳ್ಳ ಜೋಡಣೆ) ಇದ್ದರೆ, ಒಂದು ಹಿಂಚಕ್ರವನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ನಿಧಾನವಾಗಿ ತಿರುಗಿಸಿದಾಗ ಬೆರಳಿಗೆ ಮರಳು ಅರೆದಂತೆ ಭಾಸವಾದರೆ, ಒಳಗಿನ ಗುಂಡುಗಳೋ ರಿಂಗುಗಳೋ ಸವೆದಿರುವ ಸಾಧ್ಯತೆ ಹೆಚ್ಚು. ಸಸ್ಪೆನ್ಷನ್ ಆರ್ಮಿನ ಪಿನ್ನುಗಳು ಅಲುಗಾಡುತ್ತವೆಯೇ, ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರುಗಳಿಂದ ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿದೆಯೇ, ಚಾಸಿಯ ಸ್ಕ್ರೂ ರಂಧ್ರಗಳ ಸುತ್ತ ಕೂದಲೆಳೆಯ ಬಿರುಕುಗಳಿವೆಯೇ ಎಂಬುದನ್ನೂ ಪರೀಕ್ಷಿಸಬೇಕು. ಶಾಕ್‌ನ ಸೀಲುಗಳು ಅಗ್ಗ, ಬೇರಿಂಗುಗಳೂ ಅಷ್ಟೇ. ಚಾಸಿ ಮತ್ತು ಗೇರ್‌ಬಾಕ್ಸ್‌ಗಳ ಬಿಡಿಭಾಗಗಳ ತಯಾರಿಕೆ ನಿಂತಿದ್ದರೆ ಮಾತ್ರ, ಗಾಡಿ ಎಷ್ಟೇ ಅಂದವಾಗಿದ್ದರೂ ಅದನ್ನು ರೇಸಿಗೆಂದು ಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಕಪಾಟಿನ ಅಲಂಕಾರಕ್ಕಾದರೆ ಅಡ್ಡಿಯಿಲ್ಲ.

ಜೊತೆಗೆ ಬರುವ ಎಲೆಕ್ಟ್ರಾನಿಕ್ಸ್‌ಗೆ ಹೆಚ್ಚು ಬೆಲೆ ಕಟ್ಟಬೇಕಾಗಿಲ್ಲ. ಹಳೆಯ ಸ್ಪೀಡ್ ಕಂಟ್ರೋಲರುಗಳು ಹಲವು ನಿಕಲ್ ಬ್ಯಾಟರಿಗಳ ಕಾಲದವು. ವೋಲ್ಟೇಜ್ ಇಳಿದಾಗ ತಾವಾಗಿ ನಿಲ್ಲಿಸುವ ಏರ್ಪಾಡು ಅವುಗಳಲ್ಲಿಲ್ಲದಿದ್ದರೆ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಮಿತಿಮೀರಿ ಬರಿದಾಗಿ ಕೆಡುತ್ತದೆ. ಆದ್ದರಿಂದ ಹೊಸ ಕಂಟ್ರೋಲರ್ ಮತ್ತು 2.4 ಗಿಗಾಹರ್ಟ್ಸ್ ರೇಡಿಯೊದ ಖರ್ಚನ್ನು ಮೊದಲೇ ಸೇರಿಸಿಕೊಂಡು ಚೌಕಾಶಿಗೆ ಇಳಿಯುವುದು ಒಳಿತು.